ಕೊಕ್ಕಿನ ಅರ್ಧ ಮಿಲಿಮೀಟರು

ಜೀವಿಗಳು ಕಾಲಕ್ರಮದಲ್ಲಿ ಮಾರ್ಪಡುತ್ತವೆಂಬುದನ್ನು ನಾವೆಲ್ಲರೂ ಪಾಠದಲ್ಲಿ ಓದಿದ್ದೇವೆ. ಆದರೆ ಆ ಮಾರ್ಪಾಡನ್ನು ಕಣ್ಣಾರೆ ಕಂಡವರುಂಟೆ? ಪ್ರಕೃತಿಯ ಆಯ್ಕೆಯ ತತ್ತ್ವವನ್ನು 1859ರಲ್ಲಿ ಸವಿಸ್ತಾರವಾಗಿ ಪ್ರತಿಪಾದಿಸಿದ ಡಾರ್ವಿನ್ನನೇ, ಅದು ಅತಿ ಮಂದಗತಿಯ ಕ್ರಿಯೆಯಾದುದರಿಂದ ನಡೆಯುತ್ತಿರುವಾಗ ನಮ್ಮ ಕಣ್ಣಿಗೆ ಬೀಳದೆಂದು ಭಾವಿಸಿದ್ದನು. ಈ ಒಂದು ವಿಷಯದಲ್ಲಿ ಅವನ ಎಣಿಕೆ ತಪ್ಪಿತು. ಅದನ್ನು ತೋರಿಸಿಕೊಟ್ಟವು ಅವನ ಹೆಸರನ್ನೇ ಹೊತ್ತ ಹಕ್ಕಿಗಳು!

ಶಾಂತಸಾಗರದ ಗಲಾಪಗೋಸ್ ದ್ವೀಪಸ್ತೋಮದಲ್ಲಿ ಡಾಫ್ನಿ ಮೇಜರ್ ಎಂಬ ಜ್ವಾಲಾಮುಖಿ ದ್ವೀಪವೊಂದಿದೆ. ಅದರ ವಿಸ್ತಾರ ಅರ್ಧ ಚದರ ಕಿಲೋಮೀಟರಿಗೂ ಕಡಮೆ. ಪೀಟರ್ ಗ್ರಾಂಟ್ ಮತ್ತು ರೋಸ್‌ಮೇರಿ ಗ್ರಾಂಟ್ ಎಂಬ ವಿಜ್ಞಾನಿ ದಂಪತಿಗಳು 1973ರಿಂದ ಅಲ್ಲಿಯ ಫಿಂಚ್ ಹಕ್ಕಿಗಳನ್ನು ಹಿಡಿದು, ಕಾಲಿಗೆ ಗುರುತಿನ ಬಳೆ ತೊಡಿಸಿ, ಕೊಕ್ಕನ್ನು ಅಳೆದು ಬಿಡುತ್ತ ಬಂದರು. ದ್ವೀಪವು ಚಿಕ್ಕದಾದುದೇ ಅನುಕೂಲವಾಯಿತು; ಯಾವ ಹಕ್ಕಿ ಸತ್ತಿತು, ಯಾವುದು ಮರಿಮಾಡಿತು ಎಂಬುದನ್ನು ಒಂದೊಂದಾಗಿ ಲೆಕ್ಕವಿಡಬಹುದಾಗಿತ್ತು.

1977ರಲ್ಲಿ ಮಳೆ ಕೈಕೊಟ್ಟಿತು. ಇಡೀ ಮಳೆಗಾಲದಲ್ಲಿ ಬಿದ್ದುದು 24 ಮಿಲಿಮೀಟರು ಮಾತ್ರ. ಸಣ್ಣ, ಮೆದು ಬೀಜಗಳು ಮೊದಲು ತೀರಿದವು. ಉಳಿದವು ದಪ್ಪನೆಯ ಗಡುಸು ಬೀಜಗಳು. ಅವುಗಳಲ್ಲಿ ಮುಖ್ಯವಾದುದು ನಮ್ಮ ಹೊಲಗಳ ನೆಗ್ಗಿಲು ಮುಳ್ಳಿನ ಕುಲಕ್ಕೇ ಸೇರಿದ ಗಿಡದ್ದು. ಬರಿಗಾಲಿಗೆ ನೆಟ್ಟ ನೆಗ್ಗಿಲನ್ನು ಕಿತ್ತು ನೋಡಿದವರಿಗೆ, ಆ ಕಾಯನ್ನು ಒಡೆಯಲು ಹಕ್ಕಿ ಪಡುವ ಪಾಡನ್ನು ವಿವರಿಸಬೇಕಾಗಿಲ್ಲ. ಮಧ್ಯಮ ಗಾತ್ರದ ನೆಲಫಿಂಚುಗಳಲ್ಲಿ ನೂರಕ್ಕೆ ಸುಮಾರು 85 ಇಲ್ಲವಾದವು. ಬದುಕಿದವು ಹೆಚ್ಚಾಗಿ ದಪ್ಪ ಕೊಕ್ಕಿನವು. ಕೊಕ್ಕಿನ ಸರಾಸರಿ ದಪ್ಪದಲ್ಲಿ ಹಿಂದಿಗೂ ಆಗಿಗೂ ಇದ್ದ ಅಂತರ ಸುಮಾರು ಅರ್ಧ ಮಿಲಿಮೀಟರು. ಸಾವುಬದುಕನ್ನು ನಿರ್ಣಯಿಸಲು ಅಷ್ಟೇ ಸಾಕಾಯಿತು.

ಇಲ್ಲಿ ವಿದ್ಯಾರ್ಥಿಗಳು ಹಲವೊಮ್ಮೆ ಎಡವುವುದುಂಟು. ಬರಗಾಲದಲ್ಲಿ ಯಾವ ಹಕ್ಕಿಯೂ ಪ್ರಯತ್ನಪಟ್ಟು ತನ್ನ ಕೊಕ್ಕನ್ನು ದಪ್ಪಗೊಳಿಸಿಕೊಳ್ಳಲಿಲ್ಲ. ಹಕ್ಕಿಹಕ್ಕಿಗೂ ವ್ಯತ್ಯಾಸ ಮೊದಲೇ ಇದ್ದಿತು. ಬರವು ಜರಡಿಯ ಕೆಲಸವನ್ನು ಮಾಡಿತು, ಅಷ್ಟೆ. ಜರಡಿಯಾಡಿದ ಮಾತ್ರಕ್ಕೆ ವಿಕಾಸವಾಯಿತೆನ್ನಲೂ ಬಾರದು. ಉಳಿದವುಗಳ ಗುಣ ಸಂತತಿಗೆ ಇಳಿಯಬೇಕು. ತಾಯಿತಂದೆಗಳ ಕೊಕ್ಕಿನ ಅಳತೆಯನ್ನು ಮರಿಗಳದರೊಡನೆ ಹೋಲಿಸಿ ನೋಡಿದಾಗ, ಈ ಗುಣವು ಬಹುಮಟ್ಟಿಗೆ ಆನುವಂಶಿಕವೆಂದು ತಿಳಿದುಬಂದಿತು. 1978ರಲ್ಲಿ ಹುಟ್ಟಿದ ಮರಿಗಳು ಬೆಳೆದಾಗ ಅವುಗಳ ಕೊಕ್ಕೂ ಬರದ ಮುಂಚಿನ ಸರಾಸರಿಗಿಂತ ದಪ್ಪವಾಗಿಯೇ ಇದ್ದಿತು.

ಹಾಗಾದರೆ ದಪ್ಪ ಕೊಕ್ಕೇ ಶ್ರೇಷ್ಠವೆನ್ನೋಣವೆ? 1983ರಲ್ಲಿ ಎಲ್ ನೀನ್ಯೊ ಪರಿಣಾಮವಾಗಿ ದ್ವೀಪದ ಮೇಲೆ ಧಾರಾಕಾರ ಮಳೆ ಸುರಿಯಿತು. ಬಳ್ಳಿಗಳು ಹಬ್ಬಿ ನೆಗ್ಗಿಲ ಗಿಡಗಳನ್ನು ಮುಚ್ಚಿದವು. ಎಲ್ಲೆಲ್ಲೂ ಸಣ್ಣ ಬೀಜಗಳು ತುಂಬಿದವು. ಅದರ ಬೆನ್ನಿಗೆ ಬಂದ ಒಣ ವರ್ಷಗಳಲ್ಲಿ ಹೆಚ್ಚಾಗಿ ಉಳಿದುಕೊಂಡವು ಸಣ್ಣ ಕೊಕ್ಕಿನ ಹಕ್ಕಿಗಳು.