ಕಂಪೈಲರ್ ಕ್ಯಾಶ್: ಸ್ಥಗಿತಗೊಂಡ ನಿರ್ಮಾಣದ ಕಾರಣಶೋಧನೆ

ಮನುಷ್ಯನು ಬರೆದ ಆದೇಶಗಳು ಗಣಕಯಂತ್ರಕ್ಕೆ ನೇರವಾಗಿ ಅರ್ಥವಾಗುವುದಿಲ್ಲವೆಂಬುದು ಇಂದು ಶಾಲಾ ವಿದ್ಯಾರ್ಥಿಗಳಿಗೂ ತಿಳಿದ ಸಂಗತಿ. ಸಿ, ಸಿ ಪ್ಲಸ್ ಪ್ಲಸ್ ಮೊದಲಾದ ಭಾಷೆಗಳಲ್ಲಿ ಬರೆದ ಮೂಲಪಾಠವನ್ನು ಯಂತ್ರಭಾಷೆಗೆ ಪರಿವರ್ತಿಸುವ ತಂತ್ರಾಂಶವೇ ಕಂಪೈಲರ್. ಲಿನಕ್ಸ್ ಕರ್ನಲ್‌ನಂತಹ ಬೃಹತ್ ತಂತ್ರಾಂಶದಲ್ಲಿ ಇಂತಹ ಮೂಲಕಡತಗಳು ಸಾವಿರಾರು. ಅವುಗಳನ್ನು ಒಂದೊಂದಾಗಿ ಪರಿವರ್ತಿಸಿ, ಕೊನೆಗೆ ಜೋಡಿಸಿ, ಬಳಕೆಗೆ ಸಿದ್ಧಗೊಳಿಸುವ ಇಡೀ ಕಾರ್ಯಕ್ಕೆ ಬಿಲ್ಡ್, ಅಂದರೆ ನಿರ್ಮಾಣ, ಎಂದು ಹೆಸರು.

ನಿನ್ನೆ ಪರಿವರ್ತಿಸಿದ ಕಡತವನ್ನೇ ಇಂದು ಯಾವ ಬದಲಾವಣೆಯೂ ಇಲ್ಲದೆ ಪುನಃ ಪರಿವರ್ತಿಸುವುದು ವ್ಯರ್ಥಶ್ರಮವಷ್ಟೆ. ಇದನ್ನು ತಪ್ಪಿಸಲು ಹುಟ್ಟಿದ ಉಪಾಯವೇ ಕಂಪೈಲರ್ ಕ್ಯಾಶ್. ಇದನ್ನು ಒಂದು ಉಗ್ರಾಣವೆಂದು ಭಾವಿಸಬಹುದು. ಎರಿಕ್ ಥೀಲೆಯವರ ಪೂರ್ವಪ್ರಯತ್ನದಿಂದ ಪ್ರೇರಿತರಾಗಿ ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಡ್ಜೆಲ್ ಅವರು 2002ರಲ್ಲಿ ರಚಿಸಿದ ಸಿಕ್ಯಾಶ್ ಈ ವರ್ಗದಲ್ಲಿ ಬಹು ಪ್ರಸಿದ್ಧವಾದುದು. ಮೂಲಕಡತ, ಅದು ಸೇರಿಸಿಕೊಳ್ಳುವ ಇತರ ಕಡತಗಳು, ಕಂಪೈಲರ್ ಮತ್ತು ಅದಕ್ಕೆ ಕೊಟ್ಟ ಸೂಚನೆಗಳು, ಇವೆಲ್ಲದರಿಂದ ಅದು ಬೆರಳಚ್ಚಿನಂತಹ ಒಂದು ಗುರುತನ್ನು ಗಣಿಸುತ್ತದೆ. ಅದೇ ಗುರುತಿನ ಫಲ ಉಗ್ರಾಣದಲ್ಲಿದ್ದರೆ ಅದನ್ನೇ ತೆಗೆದುಕೊಡುತ್ತದೆ. ಇಲ್ಲದಿದ್ದರೆ ಕಂಪೈಲರನ್ನು ಕರೆದು, ಬಂದ ಫಲವನ್ನು ಮುಂದಿನ ಬಾರಿಗೆಂದು ಕಾಪಿಡುತ್ತದೆ. ಮೊಜಿಲ್ಲಾ ಸಂಸ್ಥೆಯಲ್ಲಿ ರೂಪುಗೊಂಡ ಎಸ್‌ಸಿಕ್ಯಾಶ್ ಎಂಬುದು ಇದೇ ಜಾತಿಯ ಇನ್ನೊಂದು ಉಪಕರಣ. ಸಿಕ್ಯಾಶ್‌ನಲ್ಲಿ ಪ್ರತಿಯೊಂದು ಕೆಲಸವೂ ತಾನೇ ಉಗ್ರಾಣವನ್ನು ಹೊಕ್ಕು ನೋಡುತ್ತದೆ. ಎಸ್‌ಸಿಕ್ಯಾಶ್‌ನಲ್ಲಿ ಸರ್ವರ್ ಎಂಬ ಉಗ್ರಾಣಿಯೊಬ್ಬನು ಹಿನ್ನೆಲೆಯಲ್ಲಿ ಸದಾ ಕುಳಿತು ಬಂದವರಿಗೆಲ್ಲ ಸರಕು ನೀಡುತ್ತಾನೆ.

ಕಾಲವನ್ನುಳಿಸಲೆಂದು ಇಟ್ಟ ಈ ವ್ಯವಸ್ಥೆಯೇ ಕೆಲವೊಮ್ಮೆ ನಿರ್ಮಾಣವನ್ನು ನಿಲ್ಲಿಸಿಬಿಡುವುದುಂಟು. ತಪ್ಪಿನ ಸಂದೇಶ ಬಾರದು. ತೆರೆಯ ಮೇಲಿನ ಕೊನೆಯ ಸಾಲು ಮುಂದೆ ಸರಿಯದು. ಆಗ ಬಹುಮಂದಿ ಮಾಡುವ ಕೆಲಸವೆಂದರೆ, ಕ್ಯಾಶನ್ನು ಪೂರ್ತಿಯಾಗಿ ಅಳಿಸಿ ಮತ್ತೆ ಮೊದಲಿನಿಂದ ಆರಂಭಿಸುವುದು. ಕೆಲವು ವೇಳೆ ನಿರ್ಮಾಣ ಸಾಗಿಯೂ ಬಿಡುತ್ತದೆ. ಆದರೆ ಅಳಿಸಿದ್ದರ ಜೊತೆಯಲ್ಲಿ ದಿನಗಟ್ಟಲೆ ಕೂಡಿಟ್ಟ ಫಲವೂ ಹೋಯಿತು, ರೋಗದ ಸಾಕ್ಷ್ಯವೂ ಹೋಯಿತು. ಅದೇ ತೊಡಕು ಮರುವಾರ ಮರಳಿ ಬಂದಾಗ ಕಲಿತದ್ದು ಏನೂ ಇರುವುದಿಲ್ಲ. ಆದುದರಿಂದ ಅಳಿಸುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಯಾರು, ಯಾರಿಗಾಗಿ, ಕಾಯುತ್ತಿದ್ದಾರೆ?

ಈ ಪ್ರಶ್ನೆಗೆ ಉತ್ತರವನ್ನು ಕ್ರಮವಾಗಿ ಹುಡುಕಬೇಕು.

1. ನಿಂತಿದೆಯೋ, ನಿಧಾನವಾಗಿದೆಯೋ ಎಂಬುದನ್ನು ಮೊದಲು ನಿರ್ಣಯಿಸಬೇಕು. ಲಿನಕ್ಸ್ ವ್ಯವಸ್ಥೆಯಲ್ಲಿ ಪಿಎಸ್ ಎಂಬ ಆದೇಶವು ಪ್ರತಿಯೊಂದು ಪ್ರಕ್ರಿಯೆಯ ಸ್ಥಿತಿಯನ್ನು ಒಂದಕ್ಷರದಲ್ಲಿ ತೋರಿಸುತ್ತದೆ. ‘ಆರ್’ ಎಂದಿದ್ದರೆ ಕೆಲಸ ನಡೆಯುತ್ತಿದೆ; ‘ಎಸ್’ ಎಂದಿದ್ದರೆ ಯಾವುದಕ್ಕಾಗಿಯೋ ಕಾಯುತ್ತಿದೆ; ‘ಡಿ’ ಎಂದಿದ್ದರೆ ಸಾಮಾನ್ಯವಾಗಿ ಡಿಸ್ಕ್ ಅಥವಾ ಜಾಲದ ಮೇಲಿನ ಸಂಗ್ರಹದಿಂದ ಉತ್ತರ ಬರಬೇಕಾಗಿದೆ. ಕೊನೆಯ ಜೋಡಣೆಯ ಹಂತವನ್ನು ಸಿಕ್ಯಾಶ್ ಕಾಪಿಡುವುದಿಲ್ಲ. ದೊಡ್ಡ ತಂತ್ರಾಂಶದ ಜೋಡಣೆ ಬಹುಕಾಲ ನಡೆದು, ನಿಂತಂತೆ ತೋರಿದರೆ ಅದು ಕ್ಯಾಶಿನ ದೋಷವಲ್ಲ.

2. ಕ್ಯಾಶನ್ನು ಅಳಿಸದೆ ಬದಿಗಿರಿಸಬೇಕು. ‘ಸಿಕ್ಯಾಶ್ ಡಿಸೇಬಲ್’ ಎಂಬ ಪರಿಸರ ಚರಾಂಶವನ್ನು ನಿಗದಿಪಡಿಸಿದರೆ ಆ ಬಾರಿಗೆ ಮಾತ್ರ ಉಗ್ರಾಣ ಮುಚ್ಚಿದಂತಾಗಿ ಕಂಪೈಲರ್ ನೇರವಾಗಿ ನಡೆಯುತ್ತದೆ. ಆಗಲೂ ನಿರ್ಮಾಣ ಅದೇ ಸ್ಥಳದಲ್ಲಿ ನಿಂತರೆ ಕ್ಯಾಶ್ ನಿರಪರಾಧಿ.

3. ಏಕಕಾಲದಲ್ಲಿ ನಡೆಯುವ ಕೆಲಸಗಳನ್ನು 1ಕ್ಕೆ ಇಳಿಸಿ ನೋಡಬೇಕು. ಈಗ ಸುಗಮವಾಗಿ ಸಾಗಿದರೆ ಸ್ಮೃತಿಯ ಕೊರತೆಯನ್ನೋ, ಒಂದೇ ಬೀಗಕ್ಕಾಗಿ ಹಲವು ಕೆಲಸಗಳ ಪೈಪೋಟಿಯನ್ನೋ ಶಂಕಿಸಬೇಕು.

4. ಸ್ಥಳಾವಕಾಶವನ್ನು ಪರೀಕ್ಷಿಸಬೇಕು. ಸಿಕ್ಯಾಶ್ ತನಗೆ ವಿಧಿಸಿದ ಮಿತಿಯನ್ನು ಮುಟ್ಟಿದಾಗ ಹಳೆಯ ಫಲಗಳನ್ನು ತಾನೇ ತೆಗೆದುಹಾಕುತ್ತದೆ, ಅದು ದೋಷವಲ್ಲ. ಆದರೆ ಡಿಸ್ಕೇ ತುಂಬಿದ್ದರೆ, ಅಥವಾ ಕ್ಯಾಶಿನ ಸ್ಥಳ ದೂರದ ಯಂತ್ರದಲ್ಲಿದ್ದು ಆ ಯಂತ್ರ ಉತ್ತರಿಸದಿದ್ದರೆ, ಮಾತು ಬೇರೆ.

5. ದಾಖಲೆಯನ್ನು ಓದಬೇಕು. ಲಾಗ್ ಕಡತವನ್ನು ಮೊದಲೇ ಸೂಚಿಸಿದ್ದರೆ ಸಿಕ್ಯಾಶ್ ತನ್ನ ಪ್ರತಿಯೊಂದು ಹೆಜ್ಜೆಯನ್ನೂ ಅದರಲ್ಲಿ ಬರೆಯುತ್ತದೆ. ಅದರ ಕೊನೆಯ ಸಾಲು ಕೆಲಸ ನಿಂತ ಸ್ಥಳದ ಗುರುತು. ಎಸ್‌ಟ್ರೇಸ್ ಎಂಬ ಉಪಕರಣವಾದರೋ, ನಿಂತ ಪ್ರಕ್ರಿಯೆಯು ಓದಲು ಕಾಯುತ್ತಿದೆಯೋ, ಬೀಗಕ್ಕೆ ಕಾಯುತ್ತಿದೆಯೋ, ತನ್ನ ಮರಿ ಪ್ರಕ್ರಿಯೆಗೆ ಕಾಯುತ್ತಿದೆಯೋ ಎಂಬುದನ್ನು ಪ್ರತ್ಯಕ್ಷವಾಗಿ ತೋರಿಸುತ್ತದೆ.

ಒಂದು ಉದಾಹರಣೆಯಿಂದ ಈ ಕ್ರಮದ ಪ್ರಯೋಜನ ಸ್ಪಷ್ಟವಾದೀತು. ಎಸ್‌ಸಿಕ್ಯಾಶ್ ಬಳಸುವ ನಿರ್ಮಾಣವೊಂದರಲ್ಲಿ ಎಲ್ಲ ಕಡತಗಳ ಪರಿವರ್ತನೆ ಮುಗಿದರೂ ಕಾರ್ಯ ಕೊನೆಗೊಳ್ಳುವುದಿಲ್ಲ. ಸುಮಾರು 10 ನಿಮಿಷಗಳ ಮೌನದ ಅನಂತರ ಯಾರೂ ಮುಟ್ಟದೆಯೇ ಮುಗಿಯುತ್ತದೆ ಎಂದಿಟ್ಟುಕೊಳ್ಳೋಣ. ಈ 10 ನಿಮಿಷಗಳೇ ಸುಳಿವು. ಕೆಲಸವಿಲ್ಲದೆ 600 ಸೆಕೆಂಡುಗಳು ಕಳೆದರೆ ತಾನಾಗಿ ನಿರ್ಗಮಿಸುವುದು ಎಸ್‌ಸಿಕ್ಯಾಶ್ ಸರ್ವರಿನ ರೂಢಿಯ ಕ್ರಮ. ನಿರ್ಮಾಣವನ್ನು ನಡೆಸುವ ಉಪಕರಣವು ಪೈಪ್ ಎಂಬ ಕೊಳವೆಯ ಮೂಲಕ ಕೆಲಸಗಳ ವರದಿಯನ್ನು ಓದುತ್ತದೆ. ಬರೆಯುವ ತುದಿಯನ್ನು ಹಿಡಿದವರೆಲ್ಲರೂ ಕೈಬಿಟ್ಟಾಗ ಮಾತ್ರ ಓದುವವನಿಗೆ ವರದಿ ಮುಗಿಯಿತೆಂದು ತಿಳಿಯುತ್ತದೆ. ನಿರ್ಮಾಣದ ನಡುವೆ ಹುಟ್ಟಿದ ಸರ್ವರಿನ ಕೈಯಲ್ಲಿ ಆ ತುದಿ ಉಳಿದುಬಿಟ್ಟಿದ್ದರೆ, ಸರ್ವರ್ ಹೊಸ ಕೆಲಸಕ್ಕಾಗಿಯೂ, ಉಪಕರಣವು ಸರ್ವರಿನ ನಿರ್ಗಮನಕ್ಕಾಗಿಯೂ ಕಾಯುತ್ತ ಕೂರುತ್ತವೆ. ಇಲ್ಲಿ ಯಾರೂ ಕೆಟ್ಟಿಲ್ಲ; ಕಾಯುವಿಕೆ ಮಾತ್ರ ತಪ್ಪಾದ ಕಡೆ ಗಂಟುಬಿದ್ದಿದೆ.

ಈ ಊಹೆಯ ಪರೀಕ್ಷೆ ಸುಲಭ. ನಿರ್ಮಾಣ ನಿಂತಿರುವಾಗಲೇ ಬೇರೊಂದು ಕಿಟಕಿಯಿಂದ ಸರ್ವರನ್ನು ನಿಲ್ಲಿಸುವ ಆದೇಶ ಕೊಡಬೇಕು; ನಿರ್ಮಾಣ ಆ ಕ್ಷಣವೇ ಮುಗಿದರೆ ಊಹೆ ಸಿದ್ಧವಾಯಿತು. ಪರಿಹಾರವೂ ಅಷ್ಟೇ ಸರಳ: ನಿರ್ಮಾಣ ಆರಂಭವಾಗುವ ಮೊದಲೇ, ಅದರಿಂದ ಬೇರೆಯಾಗಿ, ಸರ್ವರನ್ನು ಎಬ್ಬಿಸಿಡುವುದು. ಆಗ ನಿರ್ಮಾಣದ ಕೊಳವೆ ಅದರ ಕೈಗೆ ಸಿಕ್ಕುವ ಸಂಭವವೇ ಇರದು. ಇಲ್ಲಿ ಕ್ಯಾಶನ್ನು ಎಷ್ಟು ಬಾರಿ ಅಳಿಸಿದ್ದರೂ ಫಲವಿರುತ್ತಿರಲಿಲ್ಲ. ಏಕೆಂದರೆ ದೋಷವಿದ್ದದ್ದು ಉಗ್ರಾಣದ ಸರಕಿನಲ್ಲಲ್ಲ, ಬಾಗಿಲಿನಲ್ಲಿ.

ಗಣಕಶಾಸ್ತ್ರವನ್ನು ಕಲಿಸುವವರು ವಿದ್ಯಾರ್ಥಿಗಳಿಗೆ ಆದೇಶಗಳ ಪಟ್ಟಿಗಿಂತ ಮೊದಲು ಈ ಅಭ್ಯಾಸವನ್ನು ಕಲಿಸುವುದು ಶ್ರೇಯಸ್ಕರ. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಕಂಡದ್ದನ್ನು ಬರೆದಿಡುವುದು, ಸಾಕ್ಷ್ಯವನ್ನು ನಾಶಮಾಡದಿರುವುದು, ಇಷ್ಟೇ ಅದರ ಸಾರ. ಉಪಕರಣಗಳ ಹೆಸರು ಕಾಲಕಾಲಕ್ಕೆ ಬದಲಾಗುತ್ತವೆ. ಯಂತ್ರವು ಮೌನವಾದಾಗ ತಾಳ್ಮೆಯಿಂದ ಕಾರಣವನ್ನು ವಿಚಾರಿಸುವ ಬುದ್ಧಿ ಒಮ್ಮೆ ಬಂದರೆ ಜೀವನಪರ್ಯಂತ ಉಳಿಯುತ್ತದೆ.