ಗುಡ್ಡ ಕುಸಿಯುವುದೇಕೆ?

ಬೇಸಿಗೆಯ ರಜೆಯಲ್ಲಿ ಊರಿಗೆ ಹೋಗಿ, ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ವೇಳೆಗೆ ಮುಂಬಯಿಗೆ ಮರಳುವುದು ನಮ್ಮಲ್ಲಿ ಬಹುಮಂದಿಗೆ ವರುಷ ವರುಷದ ವಾಡಿಕೆ. ಕರಾವಳಿಯ ಕಡೆಯವರಿಗೆ ಈ ಪ್ರಯಾಣಕ್ಕೆ ಕೊಂಕಣ ರೈಲುಮಾರ್ಗವೇ ಆಧಾರ. 2004ನೆಯ ಇಸವಿಯ ಜೂನ್ 16ರಂದು ಬೆಳಗಿನ ಹೊತ್ತು, ಮಂಗಳೂರಿನಿಂದ ಮುಂಬಯಿಗೆ ಬರುತ್ತಿದ್ದ ಮತ್ಸ್ಯಗಂಧಾ ಗಾಡಿಯು ರಾಯಗಡ ಜಿಲ್ಲೆಯ ಕರಂಜಾಡಿಯ ಸಮೀಪದಲ್ಲಿ ಹಳಿಯ ಮೇಲೆ ಉರುಳಿ ಬಿದ್ದಿದ್ದ ಬಂಡೆಗಳಿಗೆ ತಾಗಿ ಹಳಿ ತಪ್ಪಿತು. ಬೋಗಿಗಳು ಸೇತುವೆಯಿಂದ ಕೆಳಗೆ ಬಿದ್ದವು. ಹಲವರು ಪ್ರಾಣ ಕಳೆದುಕೊಂಡರು. ಅದರ ಹಿಂದಿನ ವರುಷ, 2003ರ ಜೂನ್ 22ರ ರಾತ್ರಿ, ಕಾರವಾರದಿಂದ ಮುಂಬಯಿಗೆ ಹೊರಟಿದ್ದ ರಜಾಕಾಲದ ವಿಶೇಷ ಗಾಡಿಗೂ ಸಿಂಧುದುರ್ಗ ಜಿಲ್ಲೆಯ ವೈಭವವಾಡಿಯ ಬಳಿ ಇದೇ ಗತಿಯಾಗಿತ್ತು. ಆ ದುರಂತದಲ್ಲಿ ಮಡಿದವರ ಸಂಖ್ಯೆ ಸುಮಾರು ಐವತ್ತು.

ಇಂತಹ ಸುದ್ದಿಯನ್ನು ಕೇಳಿದಾಗ, ಮಳೆ ಜೋರಾಗಿತ್ತು, ಗುಡ್ಡ ಕುಸಿಯಿತು ಎಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಅದೇ ರಾತ್ರಿ ಅದೇ ಮಳೆ ನೂರಾರು ಗುಡ್ಡಗಳ ಮೇಲೆ ಸುರಿದಿರುತ್ತದೆ. ಕುಸಿಯುವುದು ಎಲ್ಲಿಯೋ ಒಂದೆರಡು ಮಾತ್ರ. ಮಿಕ್ಕವು ಏಕೆ ನಿಂತುವು, ಇದೊಂದೇ ಏಕೆ ಬಿದ್ದಿತು? ಈ ಪ್ರಶ್ನೆಗೆ ಉತ್ತರ ಬೇಕಾದರೆ ನಾವು ಮಳೆಯೊಂದನ್ನೇ ನೋಡಿದರೆ ಸಾಲದು. ಇಳಿಜಾರನ್ನೂ ಮಣ್ಣನ್ನೂ ಕೂಡ ನೋಡಬೇಕು. ಈ ಮೂರೂ ಒಂದೆಡೆ ಕೂಡಿದಾಗಲೇ ಅನಾಹುತ ಒದಗುತ್ತದೆ. ಈ ಕೂಟಕ್ಕೆ ಮನುಷ್ಯನ ಕೈಯೂ ಸೇರುವುದುಂಟು. ಅದನ್ನು ಕೊನೆಯಲ್ಲಿ ವಿಚಾರಿಸೋಣ.

ಸವಕಳಿ ಮತ್ತು ಕುಸಿತ

ಮೊದಲು ಎರಡು ಮಾತುಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. ನೀರು ಮಣ್ಣನ್ನು ಕಣಕಣವಾಗಿ ಎಬ್ಬಿಸಿ ಸಾಗಿಸುವುದಕ್ಕೆ ಸವಕಳಿ ಎಂದು ಹೆಸರು. ಗುಡ್ಡದ ಒಂದು ಭಾಗವೇ ತನ್ನ ತಳದ ಆಸರೆಯಿಂದ ಬೇರ್ಪಟ್ಟು ಒಮ್ಮೆಗೇ ಕೆಳಗೆ ಜಾರುವುದಕ್ಕೆ ಭೂಕುಸಿತ ಎಂದು ಹೆಸರು. ಸವಕಳಿ ವರುಷಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ. ಕುಸಿತ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಒಂದು ಹೊಲವನ್ನು ಬಡವಾಗಿಸುತ್ತದೆ, ಇನ್ನೊಂದು ಮನೆಯನ್ನೇ ಹೂಳುತ್ತದೆ. ಎರಡರ ಕಾರಣಗಳೂ ಅವೇ ಮೂರು. ಆದರೆ ಆ ಕಾರಣಗಳು ಕೆಲಸ ಮಾಡುವ ಬಗೆ ಬೇರೆ.

ಮಳೆ

ಮಳೆಯನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆಂಬುದನ್ನು ನಾವು ಬಲ್ಲೆವು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು, ಎಂದರೆ ಒಂದು ಕಿಲೋಗ್ರಾಂ ಭಾರ. ಒಂದು ಗುಂಟೆ ನೆಲವೆಂದರೆ ಸುಮಾರು 101 ಚದರ ಮೀಟರ್. ಅದರ ಮೇಲೆ ಒಂದು ದಿನದಲ್ಲಿ 200 ಮಿಲಿಮೀಟರ್ ಮಳೆ ಸುರಿದರೆ, ಆ ಪುಟ್ಟ ತುಂಡು ಭೂಮಿಯ ಮೇಲೆ ಬಿದ್ದ ನೀರಿನ ತೂಕ 20 ಟನ್ನುಗಳನ್ನು ಮೀರುತ್ತದೆ! ಭಾರತದ ಹವಾಮಾನ ಇಲಾಖೆಯು 24 ಗಂಟೆಗಳಲ್ಲಿ 64.5 ಮಿಲಿಮೀಟರನ್ನು ಮುಟ್ಟಿದ ಮಳೆಯನ್ನು ಭಾರೀ ಮಳೆಯೆಂದೂ, 204.4 ಮಿಲಿಮೀಟರನ್ನು ಮೀರಿದುದನ್ನು ಅತ್ಯಂತ ಭಾರೀ ಮಳೆಯೆಂದೂ ಎಣಿಸುತ್ತದೆ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ ಬಿದ್ದ ಮಳೆ 944 ಮಿಲಿಮೀಟರ್. ಆ ದಿನ ನಗರವು ನೀರಿನಲ್ಲಿ ಮುಳುಗಿದುದಷ್ಟೇ ಅಲ್ಲ, ಸಾಕಿನಾಕೆಯಲ್ಲಿ ಗುಡ್ಡವೂ ಕುಸಿದು ಮನೆಗಳ ಮೇಲೆ ಬಿದ್ದಿತು.

ಮಳೆಯ ಮೊತ್ತ ಎಷ್ಟು ಮುಖ್ಯವೋ ಅದರ ರಭಸವೂ ಅಷ್ಟೇ ಮುಖ್ಯ. ಐದು ಮಿಲಿಮೀಟರ್ ಅಗಲದ ದಪ್ಪ ಹನಿಯೊಂದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ನೆಲವನ್ನು ಹೊಡೆಯುತ್ತದೆ. ಬರಿಯ ನೆಲದ ಮೇಲೆ ಬಿದ್ದ ಅಂತಹ ಹನಿ ಮಣ್ಣಿನ ಕಣಗಳನ್ನು ಸಿಡಿಸಿ ಚೆಲ್ಲುತ್ತದೆ. ಮಳೆಗಾಲದಲ್ಲಿ ಅಂಗಳದ ಬದಿಯ ಗೋಡೆಯ ಬುಡ ಕೆಸರಿನಿಂದ ಕೆಂಪಾಗುವುದು ಈ ಕಾರಣದಿಂದಲೇ. ಹನಿಗೂಡಿ ಹಳ್ಳವಾಗುವಂತೆ, ಸಿಡಿದ ಕಣಗಳನ್ನು ಹರಿಯುವ ನೀರು ಎತ್ತಿಕೊಂಡು ಮೊದಲು ತೆಳುಪದರವಾಗಿ, ಬಳಿಕ ಗೀರುಗಳಾಗಿ, ಕೊನೆಗೆ ಆಳವಾದ ಕೊರಕಲುಗಳಾಗಿ ನೆಲವನ್ನು ಕಡಿಯುತ್ತದೆ.

ಕುಸಿತಕ್ಕೆ ಮಾತ್ರ ಇನ್ನೊಂದು ಬಗೆಯ ಮಳೆಯೂ ಸಾಕು. ರಭಸವಿಲ್ಲದೆ ಹಲವು ದಿನ ಬಿಡದೆ ಜಿನುಗುವ ಮಳೆಯು ಹರಿದುಹೋಗದೆ ಒಳಗೆ ಇಂಗುತ್ತ ಗುಡ್ಡದ ಒಡಲನ್ನೇ ತುಂಬುತ್ತದೆ. ಹಾಗೆ ತುಂಬಿ ನಿಂತ ಗುಡ್ಡದ ಮೇಲೆ ಒಂದು ರಾತ್ರಿಯ ಜೋರು ಮಳೆ ಸುರಿಯಿತೆಂದರೆ ಅದೇ ಕಡೆಯ ಹೊರೆಯಾಗುತ್ತದೆ. ಆದುದರಿಂದ ಇಂದಿನ ಮಳೆಯನ್ನು ಮಾತ್ರವಲ್ಲ, ಹಿಂದಿನ ವಾರದ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಳಿಜಾರು

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯುಂಟು. ದೂರದಿಂದ ನುಣ್ಣಗೆ ಕಾಣುವ ಆ ಬೆಟ್ಟದ ಮೈಯಲ್ಲಿ ಎರಡು ಬಲಗಳು ಹಗಲಿರುಳೂ ಹೋರಾಡುತ್ತಿರುತ್ತವೆ. ಒಂದು, ಮಣ್ಣನ್ನು ಕೆಳಕ್ಕೆ ಎಳೆಯುವ ಭೂಮಿಯ ಆಕರ್ಷಣೆ. ಇನ್ನೊಂದು, ಕಣಗಳು ಒಂದನ್ನೊಂದು ಒತ್ತಿ ಹಿಡಿದಿರುವ ಘರ್ಷಣೆ ಮತ್ತು ಅಂಟು. ಎರಡನೆಯದು ಗೆಲ್ಲುತ್ತಿರುವವರೆಗೆ ಗುಡ್ಡ ನಿಲ್ಲುತ್ತದೆ.

ಇಳಿಜಾರು ಹೆಚ್ಚಿದಷ್ಟೂ ಮೊದಲನೆಯ ಬಲ ಹೆಚ್ಚುತ್ತದೆ. 10 ಡಿಗ್ರಿ ಓರೆಯಾದ ನೆಲದಲ್ಲಿ ಮಣ್ಣಿನ ಭಾರದ ಸುಮಾರು ಆರನೆಯ ಒಂದು ಪಾಲು ಮಾತ್ರ ಅದನ್ನು ಕೆಳಕ್ಕೆ ಜಾರಿಸಲು ಯತ್ನಿಸುತ್ತದೆ. 30 ಡಿಗ್ರಿಯಾದರೆ ಸರಿಯಾಗಿ ಅರ್ಧ ಪಾಲು. ಒಂದು ಹಲಗೆಯ ಮೇಲೆ ಪುಸ್ತಕವನ್ನಿಟ್ಟು ಹಲಗೆಯನ್ನು ಮೆಲ್ಲಮೆಲ್ಲನೆ ಎತ್ತಿ ನೋಡಿರಿ. ಒಂದು ಮಟ್ಟದವರೆಗೆ ಪುಸ್ತಕ ಅಲುಗುವುದಿಲ್ಲ. ಅದನ್ನು ಕೂದಲೆಳೆಯಷ್ಟು ಮೀರಿದರೆ ಸಾಕು, ಸರಕ್ಕನೆ ಜಾರುತ್ತದೆ. ಒಣ ಮರಳನ್ನು ರಾಶಿ ಹಾಕಿದರೂ ಹೀಗೆಯೇ. ಎಷ್ಟು ಸುರಿದರೂ ಅದರ ಪಕ್ಕಗಳು 30ರಿಂದ 35 ಡಿಗ್ರಿಗಳಿಗಿಂತ ಕಡಿದಾಗಿ ನಿಲ್ಲಲಾರವು.

ಸವಕಳಿಗೂ ಇಳಿಜಾರು ನೆರವಾಗುತ್ತದೆ, ಏಕೆಂದರೆ ಅದು ನೀರಿಗೆ ವೇಗವನ್ನು ಕೊಡುತ್ತದೆ. ಹರಿವಿನ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟಾಗುತ್ತದೆಂದು ಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಇಳಿಜಾರು ಉದ್ದವಾದಷ್ಟೂ ಕೆಳಗೆ ಬಂದು ಸೇರುವ ನೀರೂ ಹೆಚ್ಚು. ರೈತರು ಹೊಲಕ್ಕೆ ಅಡ್ಡಲಾಗಿ ಒಡ್ಡು ಹಾಕುವುದು ಈ ಉದ್ದವನ್ನು ತುಂಡರಿಸುವುದಕ್ಕಾಗಿಯೇ.

ಮಣ್ಣು

ಮಣ್ಣಿನಲ್ಲಿ ಮರಳು, ರೇವೆ, ಜೇಡಿ ಎಂಬ ಮೂರು ಬಗೆಯ ಕಣಗಳಿರುತ್ತವೆ. ಮರಳಿನ ಕಣ ದಪ್ಪ. ಅದನ್ನು ಸಾಗಿಸಲು ನೀರಿಗೆ ಬಲ ಬೇಕು. ಜೇಡಿಯ ಕಣ ಅತಿ ಸಣ್ಣದಾದರೂ ಅಂಟಿಕೊಂಡಿರುತ್ತದೆ. ನಡುವಣ ರೇವೆಯೇ ಎಲ್ಲಕ್ಕಿಂತ ಸುಲಭವಾಗಿ ಕೊಚ್ಚಿಹೋಗುವುದು.

ವಿಜಾಪುರ, ಧಾರವಾಡದ ಕಡೆಯ ಎರೆಭೂಮಿಯನ್ನು ನೋಡಿದವರಿಗೆ ಗೊತ್ತು: ಬೇಸಿಗೆಯಲ್ಲಿ ಅದು ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದೊಡನೆ ಉಬ್ಬಿ ಬಿರುಕುಗಳೆಲ್ಲ ಮುಚ್ಚುತ್ತವೆ. ಆ ಮೇಲೆ ಬಿದ್ದ ನೀರು ಇಂಗಲಾರದೆ ಮೇಲಿಂದ ಮೇಲೆಯೇ ಹರಿಯುತ್ತದೆ. ಆದ್ದರಿಂದ ಮಳೆ ಕಡಮೆ, ನೆಲವೂ ಹೆಚ್ಚುಕಡಮೆ ಸಮತಟ್ಟು ಆಗಿದ್ದರೂ ಅಲ್ಲಿ ಸವಕಳಿ ವಿಪರೀತ. 1983ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ನಮ್ಮ ದೇಶದಲ್ಲಿ ಪ್ರತಿ ಹೆಕ್ಟೇರಿನಿಂದ ವರುಷಕ್ಕೆ ಸರಾಸರಿ 16 ಟನ್ನು ಮಣ್ಣು ಸವೆದುಹೋಗುತ್ತದೆ. ಅದರ ಒಂದು ಪಾಲು ಹೋಗಿ ಸೇರುವುದು ಜಲಾಶಯಗಳ ತಳಕ್ಕೆ. 1953ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತಾಗ ಅದರ ಹಿಡಿತ ಸುಮಾರು 133 ಟಿ.ಎಂ.ಸಿ. ಇದ್ದಿತು, ಹೂಳು ತುಂಬಿ ಅದೀಗ ಸುಮಾರು 105ಕ್ಕೆ ಇಳಿದಿದೆ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ! ಹೊಲ ಕಳೆದುಕೊಂಡ ಮಣ್ಣು ಕಾಲುವೆಯ ನೀರನ್ನೂ ಕಳೆಯಿತು.

ಕರಾವಳಿಯ ಕತೆ ಬೇರೆ. ಅಲ್ಲಿ ಮೇಲೆ ಜಂಬಿಟ್ಟಿಗೆ ಕಲ್ಲಿನ ಪದರ, ಅದರ ಕೆಳಗೆ ಬಿಳುಪೋ ನಸುಗೆಂಪೋ ಆದ ಮೆತ್ತನೆಯ ಶೇಡಿಮಣ್ಣು. ರಂಧ್ರಮಯವಾದ ಜಂಬಿಟ್ಟಿಗೆ ನೀರನ್ನು ಒಳಗೆ ಬಿಡುತ್ತದೆ. ಶೇಡಿ ಅದನ್ನು ತಡೆದು ನೆನೆಯುತ್ತದೆ. ಒಣಗಿದಾಗ ಗಟ್ಟಿಯಾಗಿ ಕಾಣುವ ಆ ಮಣ್ಣು ನೆನೆದಾಗ ಬಲ ಕಳೆದುಕೊಳ್ಳುತ್ತದೆ. ಮುಂಬಯಿ ಮತ್ತು ಸಹ್ಯಾದ್ರಿಯ ಈ ಭಾಗದಲ್ಲಿ ಕೆಳಗಿರುವುದು ಕಪ್ಪು ಬಸಾಲ್ಟ್ ಶಿಲೆ, ಮೇಲಿರುವುದು ಅದೇ ಶಿಲೆ ಶಿಥಿಲಗೊಂಡು ಆದ ಮುರುಮು ಮತ್ತು ಮಣ್ಣು. ಇಂಗಿದ ನೀರು ಗಟ್ಟಿ ಬಂಡೆಯ ಮೇಲೆ ಬಂದು ನಿಲ್ಲುತ್ತದೆ. ಆ ಗಡಿಯೇ ಜಾರುಹಾದಿಯಾಗುತ್ತದೆ.

ಮೂರೂ ಕೂಡಿದಾಗ

ನೀರು ಮಣ್ಣಿನ ಬಲವನ್ನು ಕುಗ್ಗಿಸುವುದು ಹೇಗೆ? ಚೌಪಾಟಿಯಲ್ಲಿ ಮರಳಿನ ಮನೆ ಕಟ್ಟಿದವರೆಲ್ಲ ಇದನ್ನು ಬಲ್ಲರು. ಒಣ ಮರಳಿನಲ್ಲಿ ಗೋಡೆ ನಿಲ್ಲದು. ಕೊಂಚ ತೇವವಾದರೆ, ಕಣಗಳ ನಡುವಣ ತೆಳುವಾದ ನೀರು ಅವನ್ನು ಒಂದಕ್ಕೊಂದು ಸೆಳೆದು ಹಿಡಿಯುತ್ತದೆ. ಗೋಡೆ ನೆಟ್ಟಗೆ ನಿಲ್ಲುತ್ತದೆ. ಅಲೆ ಬಂದು ತೋಯಿಸಿದರೆ ಸಂದುಗಳೆಲ್ಲ ನೀರಿನಿಂದ ತುಂಬಿ, ಆ ನೀರು ಕಣಗಳನ್ನು ಬೇರೆಬೇರೆಯಾಗಿ ಒತ್ತುತ್ತದೆ. ಗೋಡೆ ಕೆಸರಾಗಿ ಹರಿಯುತ್ತದೆ. ಗುಡ್ಡದಲ್ಲಿ ಆಗುವುದೂ ಇದೇ. ನೀರು ಒಂದು ಕಡೆ ಗುಡ್ಡದ ಭಾರವನ್ನು ಹೆಚ್ಚಿಸುತ್ತದೆ, ಇನ್ನೊಂದು ಕಡೆ ಅದನ್ನು ಹಿಡಿದ ಘರ್ಷಣೆಯನ್ನು ತಗ್ಗಿಸುತ್ತದೆ.

2014ರ ಜುಲೈ 30ರ ಬೆಳಿಗ್ಗೆ ಪುಣೆ ಜಿಲ್ಲೆಯ ಮಾಳೀಣ ಎಂಬ ಹಳ್ಳಿಯ ಮೇಲೆ ಗುಡ್ಡ ಕುಸಿದು ನೂರೈವತ್ತಕ್ಕೂ ಮಿಕ್ಕಿದ ಜನ ಮಡಿದರು. ಜೋರು ಮಳೆ, ಕಡಿದಾದ ಇಳಿಜಾರು, ಬಂಡೆಯ ಮೇಲಿನ ಸಡಿಲ ಮಣ್ಣು, ಮೂರೂ ಅಲ್ಲಿ ಸೇರಿದ್ದುವು. 2024ರ ಜುಲೈ 16ರಂದು ಉತ್ತರ ಕನ್ನಡದ ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯನ್ನು ದಾಟಿ ಗಂಗಾವಳಿ ನದಿಗೆ ಜಾರಿತು. ರಸ್ತೆಯ ಬದಿಯ ಚಹದ ಅಂಗಡಿಯೂ ಅಲ್ಲಿ ನಿಂತ ವಾಹನಗಳೂ ಅದರೊಡನೆ ಹೋದುವು. ನದಿಗೆ ಬಿದ್ದ ಮಣ್ಣು ಎಬ್ಬಿಸಿದ ನೀರು ಆಚೆಯ ದಡದ ಉಳುವರೆಯ ಮನೆಗಳನ್ನೂ ಬಡಿಯಿತು. ರಸ್ತೆಗಾಗಿ ಗುಡ್ಡದ ಬುಡವನ್ನು ಕಡಿದಿದ್ದ ಜಾಗವದು.

ಮನುಷ್ಯನ ಕೈ

ಮಳೆಯನ್ನು ನಾವು ತಡೆಯಲಾರೆವು, ಮಣ್ಣನ್ನು ಬದಲಿಸಲಾರೆವು. ಆದರೆ ಇಳಿಜಾರನ್ನು ಕೆಡಿಸುವುದೂ ಕಾಯುವುದೂ ನಮ್ಮ ಕೈಯಲ್ಲಿದೆ. ಗುಡ್ಡದ ಬುಡವನ್ನು ಕಡಿದರೆ ಮೇಲಿನ ಭಾರಕ್ಕೆ ಆಸರೆ ತಪ್ಪುತ್ತದೆ. ಮರಗಿಡಗಳನ್ನು ಕಡಿದರೆ, ಕೆಲವು ವರುಷಗಳಲ್ಲಿ ಬೇರು ಕೊಳೆತು ಮಣ್ಣಿನ ಹಿಡಿತ ಸಡಿಲುತ್ತದೆ. ಬಚ್ಚಲ ನೀರನ್ನು ಗುಡ್ಡದ ಮೈಗೆ ಬಿಟ್ಟರೆ ಮಳೆಯಿಲ್ಲದ ದಿನವೂ ಅದು ನೆನೆಯುತ್ತಿರುತ್ತದೆ. ಘಾಟಕೋಪರ, ಭಾಂಡುಪ, ವಿಕ್ರೋಳಿ, ಚೆಂಬೂರುಗಳ ಗುಡ್ಡದ ಮಗ್ಗುಲಲ್ಲಿ ಸಾವಿರಾರು ಸಂಸಾರಗಳು ನೆಲೆಸಿವೆ. ಅಲ್ಲಿ ಮನೆ ಮಾಡುವವರು ಅಪಾಯವನ್ನು ಅರಿಯದೆ ಮಾಡಿದವರಲ್ಲ. ಬೇರೆ ಕಡೆ ಬಾಡಿಗೆ ತೆರಲಾರದೆ ಮಾಡಿದವರು. ಆದುದರಿಂದ ಅವರನ್ನು ಹಳಿಯುವುದರಿಂದ ಪ್ರಯೋಜನವಿಲ್ಲ. ತಿಳಿವಳಿಕೆಯನ್ನು ಹಂಚುವುದರಿಂದ ಪ್ರಯೋಜನವುಂಟು.

ಗುಡ್ಡವನ್ನು ತಡೆಯುವ ಗೋಡೆಗಳಲ್ಲಿ ಸಾಲಾಗಿ ತೂತುಗಳನ್ನು ಬಿಟ್ಟಿರುವುದನ್ನು ನಾವೆಲ್ಲ ಕಂಡಿದ್ದೇವೆ. ಅವು ಒಳಗೆ ಕೂಡಿದ ನೀರನ್ನು ಹೊರಬಿಡುವ ದಾರಿ. ಗಲೀಜಾಗುತ್ತದೆಂದು ಕೆಲವರು ಅವಕ್ಕೆ ಚಿಂದಿ ತುರುಕುತ್ತಾರೆ, ಸಿಮೆಂಟು ಬಳಿಯುತ್ತಾರೆ. ಹಾಗೆ ಮುಚ್ಚಿದ ಗೋಡೆಯ ಹಿಂದೆ ನೀರು ಒತ್ತರಿಸಿ ನಿಂತು ಗೋಡೆಯನ್ನೇ ತಳ್ಳಬಲ್ಲದು. ಮುಚ್ಚಿದ ತೂತನ್ನು ಕಂಡರೆ ಮನೆಯ ಹಿರಿಯರಿಗೆ ತಿಳಿಸುವುದು ಪ್ರತಿಯೊಬ್ಬ ವಿದ್ಯಾರ್ಥಿಯೂ ಮಾಡಬಹುದಾದ ಕೆಲಸ.

ಗುಡ್ಡವು ಕುಸಿಯುವ ಮುನ್ನ ಹಲವು ಸಲ ಸೂಚನೆ ಕೊಡುತ್ತದೆ. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ಇದ್ದಕ್ಕಿದ್ದಂತೆ ಬಿಗಿಯಾಗಿ ಮುಚ್ಚಲಾಗದ ಬಾಗಿಲು, ಎಂದೂ ಇಲ್ಲದ ಕಡೆ ಒಸರುವ ಕೆಸರುನೀರು, ಉರುಳುವ ಸಣ್ಣ ಕಲ್ಲುಗಳು ಇವೇ ಆ ಸೂಚನೆಗಳು. ಇವನ್ನು ಕಂಡರೆ ಬೆಳಗಾಗಲಿ ಎಂದು ಕಾಯದೆ, ಸಾಮಾನಿಗಾಗಿ ಹಿಂದಿರುಗದೆ, ಇಳಿಜಾರಿನ ನೇರದಿಂದ ಪಕ್ಕಕ್ಕೆ ಸರಿದು ದೂರ ಹೋಗಬೇಕು.

ಮೇಲೆ ಹೇಳಿದ ರೈಲು ದುರಂತಗಳಿಂದಲೂ ಪಾಠ ಕಲಿತದ್ದಾಯಿತು. ಕೊಂಕಣ ಮಾರ್ಗದಲ್ಲಿ ಕಡಿದಾದ ಬರೆಗಳನ್ನು ಸಡಿಲಿಸಿ ಓರೆಮಾಡಿ, ಬಂಡೆಗಳಿಗೆ ಉಕ್ಕಿನ ಬಲೆ ಹೊದಿಸಿದ್ದಾರೆ. ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿಯನ್ನು ಮಾಡಿ ಗಾಡಿಗಳ ವೇಗವನ್ನು ತಗ್ಗಿಸುತ್ತಾರೆ. ಕಾವಲುಗಾರರು ರಾತ್ರಿಯೆಲ್ಲ ಮಳೆಯಲ್ಲಿ ಹಳಿಯ ಉದ್ದಕ್ಕೂ ನಡೆದು ನೋಡುತ್ತಾರೆ. ಊರಿನಿಂದ ಬರುವ ಗಾಡಿ ಮಳೆಗಾಲದಲ್ಲಿ ತಡವಾದರೆ ನಾವು ಗೊಣಗುತ್ತೇವೆ. ಆ ತಡದ ಹಿಂದೆ ಒಂದು ಲೆಕ್ಕವಿದೆ, ಲಾಂದ್ರ ಹಿಡಿದು ನಡೆದ ಒಬ್ಬ ಮನುಷ್ಯನಿದ್ದಾನೆ ಎಂಬುದನ್ನು ಇನ್ನು ಮುಂದೆ ನೆನೆಯೋಣ.

ಮಾಡಿ ನೋಡಿರಿ

1. ಎರಡು ತಟ್ಟೆಗಳಲ್ಲಿ ಒಂದೇ ಬಗೆಯ ಮಣ್ಣನ್ನು ತುಂಬಿ, ಒಂದರಲ್ಲಿ ಮಾತ್ರ ಹುಲ್ಲು ಬೆಳೆಸಿರಿ. ಎರಡನ್ನೂ ಸಮನಾಗಿ ಓರೆಯಿಟ್ಟು ಅಷ್ಟಷ್ಟೇ ನೀರನ್ನು ಚಿಮುಕಿಸಿ, ಕೆಳಗೆ ಹರಿದು ಬಂದ ನೀರಿನ ಬಣ್ಣವನ್ನು ಹೋಲಿಸಿರಿ.

2. ನಿಮ್ಮ ಊರಿನ ಮಣ್ಣು ಯಾವ ಬಗೆಯದು? ಅಲ್ಲಿ ಅದನ್ನು ಏನೆಂದು ಕರೆಯುತ್ತಾರೆ? ಮನೆಯ ಹಿರಿಯರನ್ನು ಕೇಳಿ ಬರೆಯಿರಿ.

3. ಒಂದು ಗುಂಟೆ ನೆಲದ ಮೇಲೆ 944 ಮಿಲಿಮೀಟರ್ ಮಳೆ ಬಿದ್ದರೆ ಆ ನೀರಿನ ತೂಕವೆಷ್ಟು? ಲೆಕ್ಕ ಮಾಡಿರಿ.

4. ನಿಮ್ಮ ಮನೆಯ ಅಥವಾ ಶಾಲೆಯ ಸಮೀಪದ ತಡೆಗೋಡೆಯನ್ನು ದೂರದಿಂದ ಪರೀಕ್ಷಿಸಿರಿ. ಅದರಲ್ಲಿ ತೂತುಗಳಿವೆಯೆ? ಎಷ್ಟು ತೆರೆದಿವೆ, ಎಷ್ಟು ಮುಚ್ಚಿವೆ?