ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್: ಅತ್ತಿಗುಂಡಿಯಲ್ಲೇ ಕೂತು, ಹಂತ ಹಂತವಾಗಿ

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಹಾಗಾಗಿ ತೋಟದ ಮನೆಗಳಲ್ಲಿ, ಹೋಂಸ್ಟೇಗಳಲ್ಲಿ, ಎಸ್ಟೇಟ್ ರೈಟರ ಮೇಜಿನ ಮೇಲೆ ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ ಲ್ಯಾಪ್‌ಟಾಪುಗಳು ಈಗ ಮೂಲೆ ಸೇರುತ್ತಿವೆ. ಗುಜರಿಗೆ ಹಾಕುವ ಮುಂಚೆ ಅವಕ್ಕೆ ಒಂದು ಭಾನುವಾರ ಕೊಟ್ಟು ನೋಡಿ.

ವಿಂಡೋಸಿನ ಬದಲು ಹಾಕಬಹುದಾದ ಮುಕ್ತ ಕಾರ್ಯವ್ಯವಸ್ಥೆ ಲಿನಕ್ಸ್. ಅತ್ತಿಗುಂಡಿಯಂಥ ಊರಿಗೆ ಅದು ಪೇಟೆಗಿಂತ ಚೆನ್ನಾಗಿ ಒಗ್ಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಬಾಬಾಬುಡನ್‌ಗಿರಿ ದಾರಿಯ ಈ ಬೆಟ್ಟದಲ್ಲಿ ಮಳೆಗಾಲ ಹಿಡಿದ ಮೇಲೆ ಕರೆಂಟನ್ನೂ ನಂಬುವಂತಿಲ್ಲ, ಸಿಗ್ನಲ್ಲನ್ನೂ ನಂಬುವಂತಿಲ್ಲ. ಲಿನಕ್ಸಿನದೇ ಒಂದು ಬಗೆಯಾದ ಲಿನಕ್ಸ್ ಮಿಂಟ್ ಹಾಕಲು ಆಕ್ಟಿವೇಶನ್ ಕೀ ಬೇಡ, ಆನ್‌ಲೈನ್ ಖಾತೆ ಬೇಡ, ಹಾಕುವಾಗ ಇಂಟರ್ನೆಟ್ ಕೂಡ ಬೇಡ. ನೀವು ಹೇಳುವ ತನಕ ಅದು ಅಪ್‌ಡೇಟ್ ಇಳಿಸಿಕೊಳ್ಳುತ್ತ ಕೂರುವುದಿಲ್ಲ. ಒಂದೇ ಪೆನ್‌ಡ್ರೈವಿನಿಂದ ಊರಿನ ಹತ್ತು ಮನೆಗೆ ಹಾಕಿಕೊಟ್ಟರೂ ಅದು ಕಳ್ಳಪ್ರತಿಯಲ್ಲ. ಬಳಸುವ, ಒಳಗಿನ ಕೋಡ್ ಓದುವ, ತಿದ್ದುವ, ಹಂಚುವ ಹಕ್ಕನ್ನು ಲೈಸೆನ್ಸೇ ಕೊಟ್ಟಿರುತ್ತದೆ.

ಇದೇನೂ ಪ್ರಯೋಗದ ಹಂತದ ವಸ್ತುವಲ್ಲ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಕಟ್ಟಲು ತೊಡಗಿದ ಯುನಿಕ್ಸ್, 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಘೋಷಿಸಿದ ಗ್ನು, 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದ ಕರ್ನೆಲ್ (ವ್ಯವಸ್ಥೆಯ ತಿರುಳು), ಇವು ಇದರ ಬೇರು. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನೊಳಗೂ ಲಿನಕ್ಸ್ ಕರ್ನೆಲ್ಲೇ ಇದೆ. ಕಾಸರಗೋಡಿನ ಸರ್ಕಾರಿ ಶಾಲೆಗಳ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಉಳಿದ ಮಕ್ಕಳ ಹಾಗೆಯೇ ಕಂಪ್ಯೂಟರ್ ಪಾಠವನ್ನು ಲಿನಕ್ಸಿನಲ್ಲೇ ಕಲಿಯುತ್ತಾರೆ. ಅಲ್ಲಿನ ಕೈಟ್ ಸಂಸ್ಥೆ ಶಾಲೆಗಳಿಗೆಂದೇ ಒಂದು ಲಿನಕ್ಸ್ ಹೊರತಂದಿದೆ. ಎಂಟನೇ ಕ್ಲಾಸಿನ ಮಕ್ಕಳ ಕೈಗೆ ಹತ್ತುವುದು ನಮ್ಮ ಕೈಗೆ ಹತ್ತದಿರಲು ಕಾರಣವಿಲ್ಲ.

ಹಂತ 1: ಲ್ಯಾಪ್‌ಟಾಪಿನಿಂದ ನಿಮಗೇನು ಕೆಲಸ, ಬರೆದಿಟ್ಟುಕೊಳ್ಳಿ

ಒಂದು ಹಾಳೆ ತೆಗೆದುಕೊಂಡು, ಈ ಲ್ಯಾಪ್‌ಟಾಪಿನಲ್ಲಿ ನೀವು ನಿಜವಾಗಿ ಮಾಡುವ ಕೆಲಸಗಳನ್ನು ಪಟ್ಟಿ ಮಾಡಿ. ಇಮೇಲ್, ಯೂಟ್ಯೂಬ್, ಬ್ಯಾಂಕ್, ಪಹಣಿ ನೋಡುವುದು, ಹೋಂಸ್ಟೇ ಬುಕಿಂಗ್, ಇವೆಲ್ಲ ಬ್ರೌಸರಿನ ಕೆಲಸ. ಮಿಂಟ್ ಜೊತೆ ಫೈರ್‌ಫಾಕ್ಸ್ ಬಂದೇ ಇರುತ್ತದೆ. ಚೆಕ್‌ರೋಲ್, ಮಳೆ ಲೆಕ್ಕ, ಪತ್ರ ವ್ಯವಹಾರಕ್ಕೆ ಲಿಬ್ರೆಆಫೀಸ್ ಇದೆ.

ತೊಡಕು ಬರುವುದು ಬೇರೆ ಕಡೆ. ಟ್ಯಾಲಿ ವಿಂಡೋಸಿಗೆಂದೇ ಮಾಡಿದ್ದು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರು ಅದರ ಕಂಪನಿ ಲಿನಕ್ಸ್ ಡ್ರೈವರ್ ಕೊಡುತ್ತದೋ ಇಲ್ಲವೋ ಮೊದಲೇ ವಿಚಾರಿಸಬೇಕು. ಪ್ರಿಂಟರುಗಳಲ್ಲಿ ಎಚ್‌ಪಿ ಸಾಮಾನ್ಯವಾಗಿ ತಕರಾರಿಲ್ಲದೆ ನಡೆಯುತ್ತದೆ, ಉಳಿದವನ್ನು ನಾಲ್ಕನೇ ಹಂತದಲ್ಲಿ ಪರೀಕ್ಷಿಸಿ ನೋಡಬಹುದು. ಟ್ಯಾಲಿ ಇಲ್ಲದೆ ನಡೆಯುವುದೇ ಇಲ್ಲ ಎನ್ನುವವರು ವಿಂಡೋಸನ್ನು ಪೂರ್ತಿ ತೆಗೆಯಬೇಡಿ. ಎರಡನ್ನೂ ಒಂದೇ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಳ್ಳಲು ಬರುತ್ತದೆ.

ಹಂತ 2: ಇರುವುದನ್ನೆಲ್ಲ ಹೊರಗೆ ತೆಗೆದಿಡಿ

ಫೋಟೋ, ಬಿಲ್ಲು, ಕಾಗದಪತ್ರ ಎಲ್ಲವನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ಬೇರೊಂದು ಕಂಪ್ಯೂಟರಿನಲ್ಲಿ ನಾಲ್ಕಾರು ಫೈಲ್ ತೆರೆದು ನೋಡಿ. ಬಿಟ್‌ಲಾಕರ್ ಆನ್ ಆಗಿದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ನುಡಿ ಅಥವಾ ಬರಹ ತಂತ್ರಾಂಶದ ಹಳೇ ಫಾಂಟುಗಳಲ್ಲಿ ಟೈಪಿಸಿದ ಕಡತಗಳಿದ್ದರೆ ಇಲ್ಲೇ ಒಂದು ಹೆಚ್ಚಿನ ಕೆಲಸವಿದೆ. ಯುನಿಕೋಡ್ ಬಳಕೆಗೆ ಬರುವ ಮುಂಚಿನ ಆ ಫಾಂಟುಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ವಿಂಡೋಸ್ ಇನ್ನೂ ಇರುವಾಗಲೇ ನುಡಿಯ ಪರಿವರ್ತಕದಿಂದ ಅವನ್ನು ಯುನಿಕೋಡಿಗೆ ಬದಲಿಸಿಕೊಳ್ಳಿ. ಸಂಘದ ನಡಾವಳಿ, ದೇವಸ್ಥಾನದ ಲೆಕ್ಕಪತ್ರಗಳಿದ್ದರೆ ಈ ಕೆಲಸ ಬಿಡಲೇಬೇಡಿ. ಲಿನಕ್ಸಿಗೆ ಬರದಿದ್ದರೂ ಮಾಡಲೇಬೇಕಾದ ಕೆಲಸ ಇದು.

ಹಂತ 3: ಪೇಟೆಗೆ ಹೋದಾಗ ಇಳಿಸಿಕೊಂಡು ಬನ್ನಿ

ಲಿನಕ್ಸಿನಲ್ಲಿ ನೂರಾರು ಬಗೆಗಳಿವೆ. ಹೊಸಬರು ಅವುಗಳ ಹೋಲಿಕೆಯಲ್ಲೇ ವಾರಗಟ್ಟಲೆ ಕಳೆದುಹೋಗುತ್ತಾರೆ. ನನ್ನ ಸಲಹೆ ಒಂದೇ: ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ. ಪರದೆ ನೋಡಲು ಹಳೇ ವಿಂಡೋಸಿನ ಹಾಗೇ ಇದೆ, 4 ಜಿಬಿ ರ‍್ಯಾಮಿನಲ್ಲಿ ಸಲೀಸಾಗಿ ನಡೆಯುತ್ತದೆ. ಕಾರಣ ಹುಡುಕದೆ ಇದನ್ನೇ ಹಾಕಿ, ಒಂದು ಕೊಯ್ಲು ಮುಗಿಯುವ ತನಕ ಬಳಸಿ. ಬೇರೆಯದರ ಯೋಚನೆ ಆಮೇಲೆ.

ಫೈಲ್ ಸುಮಾರು 3 ಜಿಬಿ ಇರುತ್ತದೆ. ಬೆಟ್ಟದ ಮೇಲೆ ಒಂದು ಕಡ್ಡಿ ಸಿಗ್ನಲ್ಲಿನಲ್ಲಿ ಇದನ್ನು ಇಳಿಸಲು ಕೂರಬೇಡಿ. ಚಿಕ್ಕಮಗಳೂರಿಗೆ ಸಾಮಾನಿಗೆ ಹೋದ ದಿನ ನೆಂಟರ ಮನೆಯಲ್ಲೋ ಪರಿಚಯದ ಕಂಪ್ಯೂಟರ್ ಅಂಗಡಿಯಲ್ಲೋ ಮಿಂಟಿನ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ತಾಣದಲ್ಲಿ ಫೈಲಿನ ಪಕ್ಕ ಒಂದು ಉದ್ದನೆಯ ಪರಿಶೀಲನಾ ಸಂಖ್ಯೆ ಕೊಟ್ಟಿರುತ್ತಾರೆ. ಇಳಿದ ಫೈಲಿನ ಸಂಖ್ಯೆಯೂ ಅದೇ ಇದೆಯೇ ನೋಡಿ. ಇದನ್ನು ಎಲ್ಲರೂ ಹಾರಿಸುತ್ತಾರೆ. ಆದರೆ ಅರ್ಧಂಬರ್ಧ ಇಳಿದ ಫೈಲ್ ಹೊತ್ತುಕೊಂಡು ಕೈಮರ ದಾಟಿ ಘಾಟಿ ಹತ್ತಿ ಬಂದರೆ ಮತ್ತೆ ಇಳಿಯಲೇಬೇಕಾಗುತ್ತದೆ.

ಆಮೇಲೆ ಬಲೇನಾ ಎಚರ್ ಎಂಬ ತಂತ್ರಾಂಶದಿಂದ ಆ ಫೈಲನ್ನು 8 ಜಿಬಿ ಪೆನ್‌ಡ್ರೈವಿಗೆ ಬರೆಯಿರಿ. ಬರೀ ಕಾಪಿ ಮಾಡಿದರೆ ಸಾಲದು. ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಲ್ಯಾಪ್‌ಟಾಪಿನಲ್ಲಿ ಇನ್ನೂ ತಿರುಗುವ ಹಳೇ ಹಾರ್ಡ್‌ಡಿಸ್ಕೇ ಇದ್ದರೆ ಅದೇ ಅಂಗಡಿಯಲ್ಲಿ ಒಂದು ಎಸ್‌ಎಸ್‌ಡಿ ಹಾಕಿಸಿ. ಹಳೇ ಯಂತ್ರಕ್ಕೆ ಇದಕ್ಕಿಂತ ಹೆಚ್ಚು ವೇಗ ತರುವ ಖರ್ಚು ಬೇರೊಂದಿಲ್ಲ.

ಹಂತ 4: ಹಾಕುವ ಮುಂಚೆ ಓಡಿಸಿ ನೋಡಿ

ಪೆನ್‌ಡ್ರೈವ್ ಚುಚ್ಚಿ ಲ್ಯಾಪ್‌ಟಾಪ್ ಆನ್ ಮಾಡುತ್ತಿದ್ದಂತೆ ಬೂಟ್ ಕೀ ಒತ್ತುತ್ತಿರಿ: ಡೆಲ್, ಲೆನೊವೊ ಆದರೆ ಸಾಮಾನ್ಯವಾಗಿ ಎಫ್12, ಎಚ್‌ಪಿ ಆದರೆ ಎಫ್9, ಏಸಸ್ ಆದರೆ ಎಸ್ಕೇಪ್. ಬರುವ ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ. ಕೊಂಚ ಹೊತ್ತಿಗೆ ಮಿಂಟಿನ ಪರದೆ ಬರುತ್ತದೆ. ನಿಮ್ಮ ಡಿಸ್ಕನ್ನು ಅದಿನ್ನೂ ಮುಟ್ಟಿಲ್ಲ. ಎಲ್ಲ ಓಡುತ್ತಿರುವುದು ಪೆನ್‌ಡ್ರೈವಿನಿಂದ.

ಈಗ ಅವಸರ ಮಾಡದೆ ಒಂದೊಂದೇ ಪರೀಕ್ಷಿಸಿ. ವೈಫೈ ಕಾಣುತ್ತದೆಯೇ, ಸದ್ದು ಬರುತ್ತದೆಯೇ, ಕ್ಯಾಮೆರಾ, ಟಚ್‌ಪ್ಯಾಡ್, ಬೆಳಕು ಕಮ್ಮಿ ಜಾಸ್ತಿ ಮಾಡುವ ಕೀ, ಕೊನೆಗೆ ಪ್ರಿಂಟರಿನಲ್ಲಿ ಒಂದು ಪುಟ. ವೈಫೈ ಕಾಣದಿದ್ದರೆ ಗಾಬರಿ ಬೇಡ. ಕೆಲವು ವೈಫೈ ಚಿಪ್ಪುಗಳ ಡ್ರೈವರನ್ನು ಬೇರೆಯಾಗಿ ಹಾಕಬೇಕಾಗುತ್ತದೆ. ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಸಿಕ್ಕಿಸಿ ಟೆದರಿಂಗ್ ಆನ್ ಮಾಡಿದರೆ ಇಂಟರ್ನೆಟ್ ತಾನಾಗಿ ಬರುತ್ತದೆ. ಹಾಕಿದ ಮೇಲೆ ‘ಡ್ರೈವರ್ ಮ್ಯಾನೇಜರ್’ ತೆರೆದರೆ ಉಳಿದದ್ದನ್ನು ಅದೇ ಹುಡುಕಿಕೊಡುತ್ತದೆ.

ಹಂತ 5: ಹಾಕುವುದು

ಕರೆಂಟ್ ಇರುವ ಹೊತ್ತು, ಗುಡುಗು ಸಿಡಿಲಿಲ್ಲದ ಹೊತ್ತು ನೋಡಿಕೊಳ್ಳಿ. ಬ್ಯಾಟರಿ ಸತ್ತ ಲ್ಯಾಪ್‌ಟಾಪಾದರೆ ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಪರದೆಯ ಮೇಲಿನ ‘ಇನ್‌ಸ್ಟಾಲ್ ಲಿನಕ್ಸ್ ಮಿಂಟ್’ ಒತ್ತಿದರೆ ಭಾಷೆ, ಕೀಬೋರ್ಡ್ ಕೇಳುತ್ತದೆ. ಇಂಟರ್ನೆಟ್ ಇದ್ದರೆ ಮಲ್ಟಿಮೀಡಿಯಾ ಕೋಡೆಕ್ ಬೇಕೆ ಎಂಬಲ್ಲಿ ಟಿಕ್ ಹಾಕಿ. ಆಮೇಲೆ ಮುಖ್ಯ ಪ್ರಶ್ನೆ: ಡಿಸ್ಕ್ ಪೂರ್ತಿ ಅಳಿಸಲೇ, ವಿಂಡೋಸ್ ಪಕ್ಕದಲ್ಲಿ ಕೂರಲೇ? ಮೊದಲ ಹಂತದ ಪಟ್ಟಿಯಲ್ಲಿ ಟ್ಯಾಲಿಯಂಥದ್ದು ಇಲ್ಲದಿದ್ದರೆ ಪೂರ್ತಿ ಅಳಿಸುವುದೇ ಸುಲಭ. ಊರು ಕೇಳಿದಾಗ ಕೋಲ್ಕತ್ತ ಆರಿಸಿದರೆ ನಮ್ಮ ಸಮಯ ಸಿಗುತ್ತದೆ. ಹೆಸರು, ಪಾಸ್‌ವರ್ಡ್ ಕೊಟ್ಟು ಬಿಟ್ಟರೆ ಉಳಿದದ್ದು ಅದರ ಪಾಡಿಗೆ ನಡೆಯುತ್ತದೆ.

ಹಂತ 6: ಮೊದಲು ಕನ್ನಡ, ಉಳಿದದ್ದು ಆಮೇಲೆ

ಕಂಪ್ಯೂಟರಿನಲ್ಲಿ ಕನ್ನಡ ಬೆಳೆಯಬೇಕು ಎಂಬ ಹಟ ಈ ಮಲೆನಾಡಿಗೆ ಹೊಸದಲ್ಲ. ಮೂಡಿಗೆರೆಯ ಕಾಫಿ ತೋಟದಲ್ಲಿದ್ದುಕೊಂಡೇ ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶಕ್ಕಾಗಿ ತಲೆ ಕೆಡಿಸಿಕೊಂಡಿದ್ದರು; ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುವೆಂಪು ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು. 2007ರಲ್ಲಿ ಅವರು ತೀರಿಕೊಂಡರು. ಆಗ ಹೋರಾಡಿ ಪಡೆಯಬೇಕಿದ್ದ ಎಷ್ಟೋ ಸೌಲಭ್ಯ ಈಗ ಒಂದು ಒತ್ತಿಗೆ ಸಿಗುತ್ತದೆ ಎಂಬುದೇ ನನಗೆ ಈ ಇಡೀ ಕೆಲಸದಲ್ಲಿ ಹೆಚ್ಚು ಖುಷಿ ಕೊಡುವ ಸಂಗತಿ.

ಓದುವುದಕ್ಕೆ ಏನೂ ಮಾಡಬೇಕಿಲ್ಲ, ಯುನಿಕೋಡ್ ಕನ್ನಡ ತಾನಾಗಿ ಕಾಣುತ್ತದೆ. ಟೈಪಿಸಲು ‘ಸಾಫ್ಟ್‌ವೇರ್ ಮ್ಯಾನೇಜರ್’ ತೆರೆದು ‘ಐಬಸ್-ಎಂ17ಎನ್’ ಹುಡುಕಿ ಹಾಕಿ. ಮೆನುವಿನ ‘ಇನ್‌ಪುಟ್ ಮೆಥಡ್’ನಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗೌಟ್ ಆಗಿ ಮತ್ತೆ ಬನ್ನಿ. ಐಬಸ್ ಪ್ರಾಶಸ್ತ್ಯಗಳಲ್ಲಿ ಕನ್ನಡದ ಕೆಳಗೆ ‘ಕೆಜಿಪಿ’ ಎಂದಿರುವುದನ್ನು ಸೇರಿಸಿ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿ ಕನ್ನಡ ಗಣಕ ಪರಿಷತ್ತು ನುಡಿಯಲ್ಲಿ ತಂದ ಕೀಲಿಮಣೆಯೇ ಇದು. ನುಡಿಯಲ್ಲಿ ಪಳಗಿದ ಬೆರಳುಗಳು ಹೊಸದೇನನ್ನೂ ಕಲಿಯಬೇಕಿಲ್ಲ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಕನ್ನಡ, ಮತ್ತೊಮ್ಮೆ ಒತ್ತಿದರೆ ಇಂಗ್ಲಿಷ್.

ಇದೇ ಮೊದಲ ಸಲ ಕನ್ನಡ ಟೈಪಿಸುವವರು ಊರ ಹೆಸರಿನಿಂದಲೇ ಶುರು ಮಾಡಿ. ಎ ಒತ್ತಿದರೆ ಅ, ಟಿ ಒತ್ತಿದರೆ ತ. ಒತ್ತಕ್ಷರಕ್ಕೆ ನಡುವೆ ಎಫ್ ಬೇಕು, ಹಾಗಾಗಿ ಟಿ-ಎಫ್-ಟಿ-ಐ ಅಂದರೆ ‘ತ್ತಿ’. ಜಿ-ಯು ಅಂದರೆ ‘ಗು’, ಶಿಫ್ಟ್ ಹಿಡಿದು ಎಂ ಒತ್ತಿದರೆ ಸೊನ್ನೆ, ಡಬ್ಲ್ಯು-ಐ ಅಂದರೆ ‘ಡಿ’. ಅತ್ತಿಗುಂಡಿ ಆಯಿತು. ಎಫ್ ಎಲ್ಲಿ ಬೇಕು ಎಂಬುದು ಕೈಗೆ ಕೂತರೆ ಮುಕ್ಕಾಲು ಕಲಿತ ಹಾಗೆ. ಬೇರೆ ಅಚ್ಚಿನ ಅಕ್ಷರ ಬೇಕೆನ್ನುವವರಿಗೆ ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳು ಅದೇ ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಸಿಗುತ್ತವೆ. ಮೆನುಗಳನ್ನೂ ಕನ್ನಡಕ್ಕೆ ಬದಲಿಸಬಹುದು, ಆದರೆ ಅನುವಾದ ಎಲ್ಲ ಕಡೆ ಪೂರ್ತಿಯಾಗಿಲ್ಲ. ಅನುವಾದ ಮಾಡಿದವರೆಲ್ಲ ನಮ್ಮ ನಿಮ್ಮಂಥ ಬಳಕೆದಾರರು. ಉಳಿದದ್ದನ್ನು ಮಾಡಲು ನಿಮಗೂ ಬಾಗಿಲು ತೆರೆದೇ ಇದೆ.

ಹಂತ 7: ಮಳೆ ಪುಸ್ತಕವನ್ನು ಕ್ಯಾಲ್ಕಿಗೆ ತನ್ನಿ

ಹೊಸ ವ್ಯವಸ್ಥೆ ಕೈಗೆ ಹತ್ತಬೇಕಾದರೆ ದಿನವೂ ಮಾಡುವ ಒಂದು ಕೆಲಸ ಅದರಲ್ಲಿರಬೇಕು. ತೋಟದವರಿಗೆ ಮಳೆ ಲೆಕ್ಕಕ್ಕಿಂತ ಒಳ್ಳೆಯದು ಯಾವುದು? ನಮ್ಮಲ್ಲಿ ಇನ್ನೂ ಇಂಚು, ಸೆಂಟಿನಲ್ಲೇ ಬರೆಯುತ್ತೇವೆ. ಹವಾಮಾನ ಇಲಾಖೆಯದು ಮಿಲಿಮೀಟರ್.

ಲಿಬ್ರೆಆಫೀಸ್ ಕ್ಯಾಲ್ಕ್ ತೆರೆದು ಎ ಕಾಲಂನಲ್ಲಿ ತಾರೀಕು, ಬಿಯಲ್ಲಿ ಇಂಚು, ಸಿಯಲ್ಲಿ ಸೆಂಟ್ ಬರೆಯಿರಿ. ಡಿ ಕಾಲಂನಲ್ಲಿ ಸಮ ಚಿಹ್ನೆ ಹಾಕಿ ಸೂತ್ರ ಕೊಡಿ: ಸೆಂಟನ್ನು 100ರಿಂದ ಭಾಗಿಸಿ, ಇಂಚಿಗೆ ಕೂಡಿ, ಒಟ್ಟನ್ನು 25.4ರಿಂದ ಗುಣಿಸಬೇಕು. 1 ಇಂಚು 35 ಸೆಂಟ್ ಬರೆದರೆ ಪಕ್ಕದಲ್ಲಿ 34.29 ಬಂತೆಂದರೆ ಸೂತ್ರ ಸರಿ ಇದೆ. ಸೂತ್ರವಿರುವ ಮನೆಯ ಮೂಲೆಯ ಚಿಕ್ಕ ಚೌಕ ಹಿಡಿದು ಕೆಳಗೆ ಎಳೆದರೆ ವರ್ಷದ ಎಲ್ಲ ದಿನಕ್ಕೂ ಸೂತ್ರ ಇಳಿಯುತ್ತದೆ. ಹೂಮಳೆ ಬಿದ್ದ ದಿನದ ಸಾಲಿಗೆ ಬಣ್ಣ ಹಚ್ಚಿಡಿ. ಅಜ್ಜನ ಕಾಲದ ಮಳೆ ಪುಸ್ತಕ ಮನೆಯಲ್ಲಿದ್ದರೆ ಜುಲೈ ತಿಂಗಳ ಸಂಜೆಗಳಲ್ಲಿ ಒಂದೊಂದೇ ವರ್ಷ ಏರಿಸುತ್ತ ಹೋಗಿ. ಹೂಮಳೆಯ ತಾರೀಕು ವರ್ಷದಿಂದ ವರ್ಷಕ್ಕೆ ಹೇಗೆ ಸರಿದಿದೆ ಎಂಬುದು ನಿಮ್ಮದೇ ಅಂಕಿಗಳಲ್ಲಿ ಕಣ್ಣಿಗೆ ಕಟ್ಟುತ್ತದೆ.

ಫೈಲನ್ನು ಓಡಿಎಸ್ ರೂಪದಲ್ಲೇ ಉಳಿಸಿ, ಆಡಿಟರಿಗೆ ಬೇಕಾದಾಗ ಮಾತ್ರ ಎಕ್ಸೆಲ್ ರೂಪದ ಪ್ರತಿ ಮಾಡಿಕೊಡಿ. ಓಡಿಎಸ್ ಎಲ್ಲರಿಗೂ ತೆರೆದ ಮಾನದಂಡ. ಯಾವ ಕಂಪನಿ ಮುಚ್ಚಿದರೂ, ಯಾರು ಚಂದಾ ಏರಿಸಿದರೂ ನಿಮ್ಮ ಮಳೆ ಲೆಕ್ಕ ನಿಮ್ಮ ಮೊಮ್ಮಕ್ಕಳಿಗೆ ತೆರೆಯುತ್ತದೆ. ಇನ್ನೊಂದು ಮಾತು: ಕರೆಂಟ್ ಹೋಗುವ ಊರಾದ್ದರಿಂದ ಆಯ್ಕೆಗಳಲ್ಲಿ ಆಟೋರಿಕವರಿ ಸಮಯವನ್ನು ಎರಡು ನಿಮಿಷಕ್ಕೆ ಇಳಿಸಿ.

ಹಂತ 8: ಮುಂಗಾರಿಗೆ ಮುಂಚೆ

‘ಟೈಮ್‌ಶಿಫ್ಟ್’ ತೆರೆದು ವಾರಕ್ಕೊಂದು ಸ್ನ್ಯಾಪ್‌ಶಾಟ್ ತೆಗೆಯುವಂತೆ ಹೇಳಿಡಿ. ಏನೋ ಹಾಕಲು ಹೋಗಿ ವ್ಯವಸ್ಥೆ ಕೆಟ್ಟರೆ ಹಿಂದಿನ ವಾರಕ್ಕೆ ಮರಳಬಹುದು. ಆದರೆ ಅದು ಕಾಯುವುದು ವ್ಯವಸ್ಥೆಯನ್ನು ಮಾತ್ರ. ನಿಮ್ಮ ಫೋಟೋ, ಲೆಕ್ಕಪತ್ರಗಳನ್ನು ಹೊರಗಿನ ಡಿಸ್ಕಿಗೆ ಬೇರೆಯಾಗಿ ಕಾಪಿ ಮಾಡಲೇಬೇಕು. ಆ ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬೂಷ್ಟು ಪುಸ್ತಕವನ್ನಷ್ಟೇ ಹಿಡಿಯುವುದಿಲ್ಲ.

ಅಪ್‌ಡೇಟ್ ಇದೆಯೆಂದು ಕೆಳಗಿನ ಪಟ್ಟಿಯಲ್ಲಿ ಗುರಾಣಿಯ ಚಿತ್ರ ತೋರಿಸುತ್ತದೆ. ಒಳ್ಳೆಯ ನೆಟ್ ಸಿಕ್ಕ ದಿನ ಎಲ್ಲ ಒಟ್ಟಿಗೆ ಹಾಕಿ, ಆದರೆ ತಿಂಗಳುಗಟ್ಟಲೆ ಬಿಡಬೇಡಿ. ಟರ್ಮಿನಲ್ ಎಂಬ ಕಪ್ಪು ಕಿಟಕಿಗೆ ಹೆದರುವುದೂ ಬೇಡ, ಅದನ್ನು ಕಲಿಯಲೇಬೇಕೆಂಬ ಒತ್ತಡವೂ ಬೇಡ. ಒಂದೇ ಎಚ್ಚರಿಕೆ: ಎಲ್ಲೋ ಕಂಡ ಆದೇಶವನ್ನು, ಅದರಲ್ಲೂ ‘ಸುಡೋ’ ಎಂದು ಶುರುವಾಗುವುದನ್ನು, ಅರ್ಥ ತಿಳಿಯದೆ ಅಂಟಿಸಬೇಡಿ. ಸುಡೋ ಅಂದರೆ ಇಡೀ ಯಂತ್ರದ ಮೇಲೆ ಯಜಮಾನನ ಅಧಿಕಾರ ಕೊಟ್ಟ ಹಾಗೆ.

ಮಿಂಟಿನ 22ನೇ ಸರಣಿಗೆ 2029ರ ತನಕ ಭದ್ರತಾ ಅಪ್‌ಡೇಟ್ ಬರುತ್ತದೆ. ಪೆನ್‌ಡ್ರೈವನ್ನು ಅಳಿಸದೆ ಹಾಗೇ ಇಟ್ಟಿರಿ: ವ್ಯವಸ್ಥೆ ಮೇಲೇಳದ ದಿನ ಅದರಿಂದಲೇ ಬೂಟ್ ಮಾಡಿ ಟೈಮ್‌ಶಿಫ್ಟ್ ತೆರೆಯಬಹುದು, ಪಕ್ಕದ ಮನೆಯವರ ಲ್ಯಾಪ್‌ಟಾಪಿಗೂ ಅದೇ ಸಾಕು.